ಎಲ್ಲರಿಗೂ ಒಂದೇ ಟಿಕ್ಕು

ಕೋಲಾರದ ನಮ್ಮ ಕಾಲೇಜಿನ ಆಯ್ಕೆ ಸಮಿತಿಗೆ ಅಂಕಗಳನ್ನು ಹೊಂದಿಸಿಕೊಡುವ ತಂತ್ರಾಂಶದವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಗೌನಿಪಲ್ಲಿಯ ಅಪ್ಪಾಜಪ್ಪನವರ ಮಗಳು ಶ್ಯಾಮಲಾ ಮಾಡುವ ಅನಂತ ನಮಸ್ಕಾರಗಳು. ತಮಗೆ ದಾಕ್ಷಿಣ್ಯ, ಶಿಫಾರಸು ಯಾವುದೂ ತಟ್ಟುವುದಿಲ್ಲವೆಂದು ಕೇಳಿದ್ದೆ. ಯೋಚನೆಯೂ ತಟ್ಟುವುದಿಲ್ಲವೆಂಬುದು ಅನುಭವದಿಂದ ತಿಳಿಯಿತು.

ಜರ್ಮನಿಯಲ್ಲಿ ತೋಟಗಾರಿಕೆಯ ಎಂ.ಎಸ್ಸಿ. ಮುಗಿಸಿ ಹೋದ ವರ್ಷ ಊರಿಗೆ ಮರಳಿದ ನಾನು, ತಮ್ಮಲ್ಲಿ ಖಾಲಿಯಿದ್ದ ಒಂದೇ ಒಂದು ಅತಿಥಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಿದೆ. ಆ ದೇಶದಲ್ಲಿ ಒಂದು ಎಂದರೆ ಅತ್ಯುತ್ತಮ, ನಾಲ್ಕು ದಾಟಿದರೆ ನಪಾಸು. ನನಗೆ ಬಂದದ್ದು 1.3. ತಾವು ಅದನ್ನು ಹತ್ತಕ್ಕೆ 1.3 ಎಂದು ಓದಿಕೊಂಡು, ಶೇಕಡಾ ಹದಿಮೂರು ದಯಪಾಲಿಸಿ, ಹನ್ನೊಂದು ಜನರ ಪಟ್ಟಿಯಲ್ಲಿ ಕಟ್ಟಕಡೆಗೆ ಕೂರಿಸಿದಿರಿ. ಹತ್ತಕ್ಕೆ 9.1 ಪಡೆದು ಮೊದಲ ಸ್ಥಾನದಲ್ಲಿದ್ದವಳು ಲಕ್ಕೂರಿನ ಮುನಿಲಕ್ಷ್ಮಿ, ಬಿ.ಎಸ್ಸಿ.ಯಲ್ಲಿ ನನ್ನ ಸಹಪಾಠಿ. ಅವಳ ಬಗ್ಗೆ ನನ್ನದೇನೂ ತಕರಾರಿರಲಿಲ್ಲ. ಆದರೆ ಪಕ್ಕದ ಮನೆಯ ದೊಡ್ಡಗಂಗಮ್ಮ ಬಂದು, "ಅಷ್ಟ್ ದೂರ ಹೋಗಿ ಓದಿದ್ದಕ್ಕೆ ಬರೀ ಹದಿಮೂರೇನಮ್ಮಾ? ಇಲ್ಲೇ ಇದ್ದಿದ್ರೆ ಮೂವತ್ತೈದಾದ್ರೂ ಬರ್ತಿತ್ತು" ಎಂದು ಸಮಾಧಾನ ಹೇಳಿದ ದಿನ, ಅಪ್ಪ ಅರ್ಧ ಊಟದಲ್ಲೇ ಕೈತೊಳೆದು ಎದ್ದರು.

ತಮ್ಮ ಪೂಜೆ ಮಾಡಿಕೊಂಡಿರುವ ಗುಮಾಸ್ತ ಗಂಗಾಧರ್ ಒಳ್ಳೆಯವರು. "ಕಮ್ಮಿ ಬಂದಷ್ಟೂ ಒಳ್ಳೇದು ಅಂತ ಆ ದೇಶದೋರು ಬರ್ಕೊಟ್ರೆ ಸರಿ ಮಾಡ್ಬೋದು ಮೇಡಂ" ಎಂದರು. ಜರ್ಮನಿಯ ವಿಶ್ವವಿದ್ಯಾಲಯದವರು ಬರೆದುಕೊಟ್ಟರು. ಗಂಗಾಧರ್ ಎರಡು ದಿನ ತಡಕಾಡಿ, ತಮ್ಮ ಒಡಲಲ್ಲಿ 'ಕಡಿಮೆ ಅಂಕ ಉತ್ತಮ' ಎಂಬ ಚೌಕವನ್ನು ಹುಡುಕಿ ಟಿಕ್ಕು ಹಾಕಿದರು. ದೇಶಭೇದವರಿಯದ ತಾವು ಆ ನಿಯಮವನ್ನು ಹನ್ನೊಂದೂ ಜನರಿಗೆ ಹಂಚಿದಿರಿ. ಹೊಸ ಪಟ್ಟಿಯಲ್ಲಿ ನಾನು ಮೊದಲು, ಹತ್ತಕ್ಕೆ 5.2 ಪಡೆದು ಹೇಗೋ ದಡ ಸೇರಿದ್ದ ಮಹನೀಯರೊಬ್ಬರು ಎರಡನೆಯವರು, ಮುನಿಲಕ್ಷ್ಮಿ ಕೊನೆ.

ನಾವಿಬ್ಬರೂ ಒಟ್ಟಿಗೇ ಹೋಗಿ ಕೇಳಿದಾಗ ಗಂಗಾಧರ್ ತಲೆ ತಗ್ಗಿಸಿ, "ಇರೋದು ಒಂದೇ ಟಿಕ್ಕು. ಇವ್ರಿಗೆ ಹಾಕಿದ್ರೆ ಅವ್ರಿಗೂ ಬೀಳ್ತದೆ, ತೆಗೆದ್ರೆ ಇಬ್ರಿಗೂ ಹೋಗ್ತದೆ" ಎಂದರು. ನನ್ನ ಕೈಸೇರಿದ್ದ ನೇಮಕಾತಿ ಆದೇಶವನ್ನು ಹಿಂದಿರುಗಿಸುತ್ತೇನೆಂದು ನಾನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದಕ್ಕೆ ಮುನಿಲಕ್ಷ್ಮಿ ನನ್ನ ಮುಖ ನೋಡದೆ, "ನೀನ್ ಬಿಟ್ರೆ ಎರಡನೇಯೋನಿಗೆ ಹೋಗ್ತದೆ, ನಂಗಲ್ಲ. ಸೇರ್ಕೋ. ಆದ್ರೆ ಸುಮ್ನೆ ಕೂತ್ಕೋಬೇಡ ಕಣೇ" ಎಂದು ಮಾಲೂರು ಬಸ್ಸು ಹತ್ತಿದಳು. ನಾನು ಕೆಲಸಕ್ಕೆ ಸೇರಿದೆ. ಕಸಿ ಕಟ್ಟುವುದರಲ್ಲಿ ನನಗಿಂತ ಪಳಗಿದ ಕೈಯ ಅವಳು ಈಗ ಊರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದಾಳೆ. ಮೂರು ತಿಂಗಳಾಯಿತು, ನಾನು ಫೋನ್ ಮಾಡಿದರೆ ಎರಡು ಮಾತಾಡಿ ಇಡುತ್ತಾಳೆ.

ಸುಮ್ಮನೆ ಕೂತಿಲ್ಲವೆಂದು ತೋರಿಸಲು ಈ ಪತ್ರ. ಹಳೆಯ ನಿಯಮವಿದ್ದಾಗ ಫ್ರಾನ್ಸಿನವರಾರಾದರೂ ಇಪ್ಪತ್ತಕ್ಕೆ ಹದಿನಾರು ಹಿಡಿದು ಬಂದಿದ್ದರೆ ಶೇಕಡಾ ನೂರಾ ಅರವತ್ತು ಕೊಟ್ಟು ಸನ್ಮಾನಿಸುತ್ತಿದ್ದ ವಿಶಾಲಹೃದಯಿಗಳಾದ ತಾವು, ಕೃಪೆಮಾಡಿ ಒಂದು ಶುಭ ಮುಹೂರ್ತದಲ್ಲಿ ಇನ್ನೊಂದು ಚೌಕವನ್ನು ಹೆತ್ತು, ಒಬ್ಬೊಬ್ಬರಿಗೆ ಒಂದೊಂದು ಟಿಕ್ಕು ಕರುಣಿಸಬೇಕು. ಅದಾಗದಿದ್ದರೆ ಜರ್ಮನಿಯವರನ್ನಾದರೂ ಕರೆಸಿ, ಎಣಿಕೆಯನ್ನು ತಿದ್ದಿಕೊಳ್ಳಲು ತಾಕೀತು ಮಾಡಬೇಕು. ತಾರೀಕು ಹಾಕದ ನನ್ನ ರಾಜೀನಾಮೆ ಗಂಗಾಧರ್ ಅವರ ಬೀರುವಿನಲ್ಲಿದೆ. ಪಟ್ಟಿ ನೆಟ್ಟಗಾಗಿ ಮುನಿಲಕ್ಷ್ಮಿಯ ಹೆಸರು ಮೇಲೆ ಬಂದ ದಿನ ಅವರೇ ತಾರೀಕು ಬರೆದುಕೊಳ್ಳುತ್ತಾರೆ.

ಶೇಕಡಾ ಹದಿಮೂರರಷ್ಟು ತಮ್ಮ ವಿಶ್ವಾಸಿ,
ಶ್ಯಾಮಲಾ

ತಾ.ಕ.: ಡೆನ್ಮಾರ್ಕಿನಲ್ಲಿ ಉತ್ತರಪತ್ರಿಕೆ ತೀರಾ ಕೆಟ್ಟರೆ ಮೈನಸ್ ಮೂರು ಕೊಡುತ್ತಾರೆ. ಅಂಥವರೊಬ್ಬರು ಅರ್ಜಿ ಹಾಕಿದರೆ, ಈಗಿನ ಟಿಕ್ಕಿನ ಪ್ರಕಾರ ಅವರ ಯೋಗ್ಯತೆಗೆ ನನ್ನ ಹುದ್ದೆ ತೀರಾ ಸಣ್ಣದಾದೀತು; ಪ್ರಾಂಶುಪಾಲರ ಕುರ್ಚಿಯನ್ನೇ ಒರೆಸಿಡಲು ಹೇಳಿ.