ಪ್ರಾಬಬ್ಲಿಯವರಿಗೆ ಎಲೆ ಹಾಕುವುದೆಲ್ಲಿ?

ಸಮೇತನಹಳ್ಳಿ, ಹೊಸಕೋಟೆ ತಾಲ್ಲೂಕು
ಮಹಾಲಯ ಅಮಾವಾಸ್ಯೆಯ ಮರುದಿನ, ೧೯೪೪

ಇಂಗ್ಲಿಷ್ ಭಾಷೆಯ ಸೇವೆಯಲ್ಲಿರುವ ಶ್ರೀಮಾನ್ ಪ್ರಾಬಬ್ಲಿಯವರ ಸನ್ನಿಧಾನಕ್ಕೆ,

ಮಾನ್ಯರೇ, ತಾವು ಕ್ಷೇಮವೆಂದೇ ನಂಬಿದ್ದೇನೆ. ತಮ್ಮಂಥವರಿಗೆ ಎಂದಾದರೂ ಏನಾದರೂ ಆದದ್ದುಂಟೇ? ಮಿಲಿಟರಿ ಲಾರಿ ಓಡಿಸಲು ಬರ್ಮಾ ಗಡಿಗೆ ಹೋದ ನನ್ನ ತಮ್ಮ ಆವಲಪ್ಪ ಹೊಳೆ ದಾಟುವಾಗ ತೀರಿಕೊಂಡನೆಂದು ಮುಂಗಾರಿನಲ್ಲಿ ಸರ್ಕಾರದಿಂದ ಇಂಗ್ಲಿಷಿನ ಒಂದು ಕಾಗದ ಬಂತು. ಅದರಲ್ಲಿ 'ತೀರಿಕೊಂಡ' ಎಂಬ ಮಾತಿನ ಪಕ್ಕದಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ತಾವೂ ದಯಮಾಡಿಸಿದಿರಿ. ಅಂದಿನಿಂದ ಎದ್ದಿಲ್ಲ.

ತಾವು ಯಾರೆಂದು ಸ್ಕೂಲಿನ ಆದಿನಾರಾಯಣಪ್ಪ ಮೇಷ್ಟ್ರನ್ನು ಕೇಳಿದೆ. "ಆಗಿರ್ಬೋದು, ಆಗ್ದೇನೂ ಇರ್ಬೋದು, ಆದ್ರೆ ಆಗಿರೋದೇ ಹೆಚ್ಚು ಕಣಪ್ಪಾ" ಎಂದು ಅವರು ಕನ್ನಡಕ ಒರೆಸಿಕೊಂಡರು. ಕ್ರಿಯಾಪದದ ಪಕ್ಕ ನಿಂತು ಅದನ್ನು ಅಲುಗಾಡಿಸುವುದೇ ತಮ್ಮ ಉದ್ಯೋಗವಂತೆ. ನಾಳೆ ಮಳೆ ಬರುವುದಕ್ಕೂ ದೊರೆಗಳು ಊಟಕ್ಕೆ ತಡವಾಗಿ ಬರುವುದಕ್ಕೂ ತಮ್ಮನ್ನೇ ಕರೆಯುತ್ತಾರಂತೆ. ಇಂಥ ಚಿಲ್ಲರೆ ಕೆಲಸದವರನ್ನೇ ಸಾವಿನ ಕೆಲಸಕ್ಕೂ ಹಚ್ಚಿದ ಸರ್ಕಾರದ ಮಿತವ್ಯಯವನ್ನು ಎಷ್ಟು ಕೊಂಡಾಡಿದರೂ ಸಾಲದು.

ಆದರೆ ನಮ್ಮ ಮನೆಯಲ್ಲಿ ತಮಗೆ ಜಾಗ ಹೊಂದಿಸುವುದೇ ಕಷ್ಟವಾಗಿದೆ. ನಮ್ಮ ಚಿಕ್ಕಪ್ಪ ಬೈರಣ್ಣ ಬಂದು, "ಸರ್ಕಾರದೋರೇ ಬರ್ದವ್ರೆ, ಬಳೆ ತೆಗ್ಸಿ" ಎಂದರು. ಆವಲಪ್ಪನ ಹೆಂಡತಿ ಅಂಜಿನಮ್ಮ ಒಳಗಿನಿಂದಲೇ, "ಒಂದ್ ಕೈದು ತೆಗ್ದು ಒಂದ್ ಕೈದು ಉಳಿಸ್ಕೊಳ್ಳಾ ಮಾವ? ಕಾಗ್ದದಲ್ಲೂ ಅಂಗೇ ತಾನೇ ಬರ್ದಿರೋದು?" ಎಂದಳು. ಚಿಕ್ಕಪ್ಪ ಕಾಫಿ ಮುಟ್ಟದೆ ಎದ್ದು ಹೋದರು. ತಮ್ಮಿಂದ ನಮಗಾದ ಉಪಕಾರ ಉಳಿದ ಆ ಒಂದು ಲೋಟ ಕಾಫಿ.

ನಿನ್ನೆ ಹಿರಿಯರ ಹಬ್ಬ, ಸತ್ತವರಿಗೆ ಇಷ್ಟದ ಅಡಿಗೆ ಮಾಡಿ, ಹೊಸ ಬಟ್ಟೆಯ ಮುಂದೆ ಎಡೆ ಇಡುವ ದಿನ. ಅವ್ವ ಎಲೆ ಹಿಡಿದು ನಿಂತೇ ಇದ್ದಳು. "ಸತ್ತೋರ್ಗೆ ಎಡೆ ಇಕ್ತೀವಿ, ಬದ್ಕಿರೋರ್ಗೆ ಮುದ್ದೆ ಇಕ್ತೀವಿ. ಇವ್ನು ಯಾವ್ ಸಾಲಿನೋನ್ಲಾ ಗೋಪಾಲ?" ಎಡೆ ಇಟ್ಟರೆ ಮಗನನ್ನು ತಾನೇ ಕೊಂದಂತೆ, ಇಡದಿದ್ದರೆ ಹಸಿದು ಬಂದವನನ್ನು ಬಾಗಿಲಿನಿಂದಲೇ ಅಟ್ಟಿದಂತೆ. ಕಡೆಗೆ ಎರಡೂ ಸಾಲು ಬಿಟ್ಟು, ಯಾರೂ ಇಡದ ಜಾಗದಲ್ಲಿ, ನಡುಮನೆಯ ಹೊಸ್ತಿಲ ಮೇಲೆ ಇಟ್ಟಳು. ಮುದ್ದೆ, ಕೋಳಿ ಸಾರು, ಎರಡು ಕಜ್ಜಾಯ. ನಾವೆಲ್ಲ ಆ ಎಲೆಯನ್ನೇ ನೋಡುತ್ತ ನಿಂತೆವು. ಅಂಜಿನಮ್ಮ ಬಂದು ಅದರ ಮುಂದೆ ಕುಳಿತು ಉಣ್ಣತೊಡಗಿದಳು.

"ಆರೋಯ್ತದೆ ಅತ್ತೆ. ಅವ್ರು ಬಂದ್ರೆ ಬಿಸೀದು ಮಾಡಿಕ್ತೀನಿ."

ಅವ್ವ ಇನ್ನೊಂದು ಸೌಟು ಸಾರು ಬಡಿಸಿದಳು.

ಆದಕಾರಣ ತಾವು ಖುದ್ದಾಗಿ ಹೊಳೆಯ ಆಚೆ ದಡಕ್ಕೆ ಹೋಗಿ, ನನ್ನ ತಮ್ಮನನ್ನು ಹೆಗಲ ಮೇಲೆ ಹೊತ್ತು ತಂದು ಹಟ್ಟಿಯಲ್ಲಿ ಇಳಿಸಿ, ಆಮೇಲೆ ಸುಖವಾಗಿ ನಿವೃತ್ತರಾಗಬೇಕೆಂದು ಕೈಮುಗಿದು ಬೇಡುತ್ತೇನೆ.

ಹೆಚ್ಚುಕಡಿಮೆ ತಮ್ಮ ವಿಶ್ವಾಸಿ,
ಗೋಪಾಲಪ್ಪ

ಮರೆತ ಮಾತು: ತಮ್ಮನ್ನು ಎತ್ತಂಗಡಿ ಮಾಡಿ ಆ ಜಾಗಕ್ಕೆ ಸರ್ಟನ್ಲಿ ಎಂಬ ಅಧಿಕಾರಿಯನ್ನು ಕಳಿಸುವ ಆಲೋಚನೆ ಮೇಲಿನವರಿಗಿದ್ದರೆ, ಈ ದೂರನ್ನು ಹರಿದುಹಾಕಿ. ತಾವು ಎಂಥ ಅಯೋಗ್ಯರೆಂದು ನಮಗೆ ಗೊತ್ತಿದೆ. ಆದರೂ ಇನ್ನಷ್ಟು ದಿನ ನಮ್ಮಲ್ಲೇ ಇರಿ.