ಎಂಟು ಡಿಗ್ರಿ ಸುಳ್ಳು

ಎಲ್ಲಕ್ಕೂ ಮೂಲ ಒಂದು ಕೋಳಿ. ಹೋದ ಭಾನುವಾರ ತಕ್ಕಡಿ ಎಂಬುವವನು ಮೂರು ಗಂಟೆ ಹೊಗೆ ಕುಡಿಸಿ ತಟ್ಟೆಗೆ ಇಳಿಸಿದ ಆ ಕೋಳಿ ಹೊರಗಡೆ ಇದ್ದಿಲನ್ನೇ ನಾಚಿಸುವಷ್ಟು ಕಪ್ಪಗಿತ್ತು. ಅತ್ತೆ ಚಾಕು ಇಟ್ಟರು. ಒಳಗಡೆ ಅದು ಆಗ ತಾನೇ ನಿದ್ದೆಯಿಂದ ಎದ್ದ ಮಗುವಿನ ಕೆನ್ನೆಯ ಹಾಗೆ ಗುಲಾಬಿಯಾಗಿತ್ತು. ಅತ್ತೆ ಚಾಕುವನ್ನು ಮೆಲ್ಲಗೆ ಪಕ್ಕಕ್ಕಿಟ್ಟು, "ಅಳಿಯಂದ್ರೆ, ಈಗ್ಲೂ ಡಾಕ್ಟರ ಹತ್ರ ಕರ್ಕೊಂಡು ಹೋದ್ರೆ ಉಳಿಯುತ್ತೆ" ಎಂದರು. ಆಮೇಲೆ ಬ್ರೆಡ್ಡು, ಬಾಳೆಹಣ್ಣು ತಿಂದು, ಮೂರು ಬೀದಿ ಆಚೆಗಿನ ತಮ್ಮ ಮನೆಗೆ ನಡೆದುಬಿಟ್ಟರು.

ತಕ್ಕಡಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅಂಗಡಿಗಳವರ ತಕ್ಕಡಿ, ತೂಕದ ಬಟ್ಟು, ಲೀಟರುಗಳನ್ನು ಪರೀಕ್ಷೆ ಮಾಡುವುದು ಅವನ ಕೆಲಸವೇನೋ ಹೌದು. ಆದರೆ ಹೆಸರು ಬಂದದ್ದು ಕೆಲಸದಿಂದಲ್ಲ, ಗುಣದಿಂದ. ಬೆಳಿಗ್ಗೆ ನೀಲಿ ಅಂಗಿಯೋ ಬಿಳಿ ಅಂಗಿಯೋ ಎಂದು ತೂಗಲು ನಿಂತರೆ ಕಾಲು ಗಂಟೆಯಾದರೂ ಮುಳ್ಳು ಯಾವ ಕಡೆಗೂ ವಾಲುತ್ತಿರಲಿಲ್ಲ. ಜೀವಮಾನದಲ್ಲಿ ಯಾರನ್ನೂ ಕೇಳದೆ ಅವನು ಮಾಡಿದ ನಿರ್ಧಾರ ಒಂದೇ: ಹಳೆಯ ಎಣ್ಣೆ ಪೀಪಾಯಿಯೊಂದನ್ನು ತಂದು, ಉದ್ದಕ್ಕೆ ಸೀಳಿ, ತಿರುಗಣಿ ಹಾಕಿ, ಮೇಲೊಂದು ಹೊಗೆ ಕೊಳವೆ ಕೂರಿಸಿ, ಮಾಂಸ ಬೇಯಿಸುವ ಒಲೆ ಮಾಡಿದ್ದು. ಎರಡು ವರ್ಷದ ರಜೆಗಳೆಲ್ಲ ಅದಕ್ಕೇ ಹೋಗಿದ್ದವು. ಆಫೀಸಿನಿಂದ ಬಂದವನು ಒಳಗೆ ಹೋಗುವ ಮುಂಚೆ ಹಿತ್ತಲಿಗೆ ಹೋಗಿ ಅದರ ಬೆನ್ನು ಸವರಿಯೇ ಬರುತ್ತಿದ್ದ.

ಹೆಂಡತಿ ಟೈಲರು. ಅಂದಾಜಿನ ಮೇಲೆ ಕತ್ತರಿ ಹಾಕಿದವಳೇ ಅಲ್ಲ. ಕೋಳಿಯ ಅವಮಾನ ಅವಳಿಗೆ ಅವನಿಗಿಂತ ಹೆಚ್ಚು ತಟ್ಟಿತ್ತು. "ಊರಿನ ತಕ್ಕಡಿಗೆಲ್ಲ ದಂಡ ಹಾಕ್ತೀರಿ, ಮನೆ ಮಾಂಸ ಮಾತ್ರ ಬೆರಳಲ್ಲಿ ಒತ್ತಿ ನೋಡ್ತೀರಿ" ಎಂದು ಶುರುಮಾಡಿ, ತೀರ್ಪನ್ನೂ ಅಲ್ಲೇ ಕೊಟ್ಟಳು. "ಶನಿವಾರ ಅಮ್ಮ ಮತ್ತೆ ಬರ್ತಾಳೆ. ಈ ಸಲವೂ ಹಿಂಗೇ ಆದ್ರೆ ಪೀಪಾಯಿ ಗುಜರಿಗೆ. ಇದರ ಮೇಲೆ ಮಾತಿಲ್ಲ."

ಹಾಗಾಗಿ ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಪಾತ್ರೆ ಅಂಗಡಿಯ ಮುಂದೆ ತಕ್ಕಡಿ ನಿಂತಿದ್ದ. ಮಾಂಸದ ಒಳಗಿನ ಶಾಖವನ್ನು ದೂರದಿಂದಲೇ ಹೇಳುವ ಥರ್ಮಾಮೀಟರು ಬೇಕೆಂದ. ಅಂಗಡಿಯವನು ಎರಡನ್ನು ತೆಗೆದು ಮುಂದಿಟ್ಟ. ಒಂದು ಬೋಳು: ಬೆರಳುದ್ದದ ಉಕ್ಕಿನ ಕಡ್ಡಿ, ತಂತಿಯಿಲ್ಲ ಏನಿಲ್ಲ, ಮಾಂಸಕ್ಕೆ ಚುಚ್ಚಿದರೆ ಸೀದಾ ಫೋನಿಗೆ ಸುದ್ದಿ ಕಳಿಸುತ್ತದೆ. ಇನ್ನೊಂದಕ್ಕೆ ಬಾಲವಿತ್ತು: ಕಡ್ಡಿಯಿಂದ ಒಂದು ತಂತಿ ಹೊರಟು ಪೀಪಾಯಿಯ ಹೊರಗಿನ ಪುಟ್ಟ ಡಬ್ಬಿಗೆ ಸೇರುತ್ತದೆ, ಫೋನಿಗೆ ಮಾತಾಡುವುದು ಆ ಡಬ್ಬಿ.

ತಕ್ಕಡಿ ತೂಗತೊಡಗಿದ. ಬೋಳು ನೋಡಲು ಲಕ್ಷಣ, ಬೆಂಕಿಯಲ್ಲಿ ಸುಡಲು ತಂತಿಯೇ ಇಲ್ಲ; ಆದರೆ ಕಬ್ಬಿಣದ ಮುಚ್ಚಳ ಮುಚ್ಚಿದ ಮೇಲೆ ಅದರ ದನಿ ಹೊರಗೆ ಬರುತ್ತದೆಯೇ? ಬಾಲದ್ದರ ಡಬ್ಬಿ ಹೊರಗೇ ಇರುವುದರಿಂದ ದನಿಗೆ ಅಡ್ಡಿಯಿಲ್ಲ. ಆದರೆ ಬಾಲ ಕೆಂಡಕ್ಕೆ ತಗುಲಿದರೆ? ಬೋಳಿಗೆ ದಿನಾ ಚಾರ್ಜು ಹಾಕಬೇಕು, ಬಾಲದ್ದಕ್ಕೆ ಸೆಲ್ಲು ಬದಲಾಯಿಸಬೇಕು. ಹೆಣ್ಣು ನೋಡಲು ಬಂದು ಅಕ್ಕನನ್ನೂ ಒಪ್ಪಿ ತಂಗಿಯನ್ನೂ ಒಪ್ಪಿದವನ ಹಾಗೆ ಅವನು ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುತ್ತ ಮುಕ್ಕಾಲು ಗಂಟೆ ಕಳೆದ. ಕೊನೆಗೆ ಅಂಗಡಿಯವನೇ ಕೈಮುಗಿದ.

"ಎರಡೂ ತಗೊಂಡು ಹೋಗಿ ಸ್ವಾಮಿ. ಬೇಡವಾದ್ದನ್ನ ಸಂಜೆ ಐದರೊಳಗೆ ವಾಪಸ್ ತನ್ನಿ. ನಾನಿನ್ನೂ ತಿಂಡಿ ತಿಂದಿಲ್ಲ."

ಅವತ್ತು ಕಚೇರಿ ಅರ್ಧ ದಿನ. ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಮುತ್ತಿದರು. ಯಾವುದನ್ನು ಆರಿಸುವುದು ಎಂದು ತಕ್ಕಡಿ ಕೇಳಿದ್ದು ಒಬ್ಬರನ್ನು. ಉತ್ತರ ಹೇಳಿದವರು ಏಳು ಜನ. ಗಲಾಟೆ ಕೇಳಿ ಸೂಪರಿಂಟೆಂಡೆಂಟ್ ಮೇಡಂ ಫೈಲು ಮುಚ್ಚಿ ಬಂದರು. ಅಳತೆಯ ಕಚೇರಿಯಲ್ಲಿ ಕೂತು ಅಳತೆಯ ಸಾಮಾನಿನ ಬಗ್ಗೆ ಬಾಯಿಮಾತಿನ ಜಗಳವೇ ಎಂದು ಎಲ್ಲರನ್ನೂ ಗದರಿ, ಒಂದು ಲೋಟದಲ್ಲಿ ಐಸು ನೀರು, ಇನ್ನೊಂದರಲ್ಲಿ ಮರಳುವ ನೀರು ತರಿಸಿದರು.

ಐಸು ನೀರಿನಲ್ಲಿ ಬೋಳು ಸೊನ್ನೆ ಎಂದಿತು; ಬಾಲದ್ದು ಎಂಟು. ಮರಳುವ ನೀರಿನಲ್ಲಿ ಬೋಳು ನೂರು ಎಂದಿತು. ಬಾಲದ್ದು ನೂರಾ ಎಂಟು. ಮೂರು ಸಲ ಮಾಡಿದರೂ ಅದೇ. ತಕ್ಕಡಿಯ ಎದೆಯಿಂದ ಒಂದು ಮಣ ಭಾರ ಇಳಿಯಿತು. ಪೀಪಾಯಿ ತಂದ ಮೇಲೆ ಇದೇ ಮೊದಲ ಸಲ ಮುಳ್ಳು ತಾನಾಗಿಯೇ ಒಂದು ಕಡೆ ವಾಲಿ ನಿಂತಿತ್ತು. ಬೋಳೇ ಸರಿ. ಅವನು ಬಾಲದ್ದನ್ನು ಒರೆಸಿ ಡಬ್ಬಿಗೆ ಹಾಕಲು ಆ ಕಡೆ ತಿರುಗಿದ.

ತಿರುಗಿದ್ದೇ ತಪ್ಪಾಯಿತು. ಆ ಮೇಜಿನ ತುದಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದವನು ಮುದ್ರೆಯಣ್ಣ. ಪರೀಕ್ಷೆಯಲ್ಲಿ ಪಾಸಾದ ಬಟ್ಟುಗಳು ಒಂದೊಂದಾಗಿ ಅವನ ಮುಂದೆ ಬರುತ್ತವೆ. ಅವನು ಅಚ್ಚು ಇಟ್ಟು ಸುತ್ತಿಗೆಯಿಂದ ಒಂದೇ ಏಟು ಕೊಟ್ಟು ಇಲಾಖೆಯ ಮುದ್ರೆ ಮೂಡಿಸುತ್ತಾನೆ. ತಲೆ ಎತ್ತುವ ಅಭ್ಯಾಸವಿಲ್ಲ. ಬೋಳನ್ನು ಯಾರೋ ಅವನ ಮುಂದೆ ಸರಿಸಿದ್ದರು.

ಟಣ್ ಎಂದಿತು.

ಕಡ್ಡಿಯ ಬುಡದಲ್ಲಿ ಮಿನುಗುತ್ತಿದ್ದ ಹಸಿರು ದೀಪ ಒಮ್ಮೆ ಕಣ್ಣು ಹೊಡೆದು ಆರಿಹೋಯಿತು. ಅದರ ಮೈಮೇಲೆ ಮುದ್ರೆ ಮಾತ್ರ ಅಚ್ಚುಕಟ್ಟಾಗಿ ಮೂಡಿತ್ತು, ಇಸವಿ ಸಮೇತ. ಮುದ್ರೆಯಣ್ಣ ಎಲ್ಲರ ಮುಖ ನೋಡಿದ. "ಪಾಸಾಗಿತ್ತಲ್ಲಪ್ಪ. ಪಾಸಾದ್ದಕ್ಕೆ ಮುದ್ರೆ ಹಾಕದೆ ಕಳಿಸೋಕಾಗುತ್ತಾ?"

ಅವನನ್ನು ಬೈಯುವಂತೆಯೂ ಇರಲಿಲ್ಲ. ನಿಯಮದ ಪ್ರಕಾರ ಅವನ ಮಾತು ಸರಿಯಿತ್ತು. ತಕ್ಕಡಿಯ ಕಣ್ಣಮುಂದೆ ಗುಜರಿಯ ರಾಶಿಯೂ ಅದರ ತುದಿಯಲ್ಲಿ ಅಂಗಾತ ಬಿದ್ದ ಪೀಪಾಯಿಯೂ ಸುಳಿದವು. ಮೇಡಂ ಅವನ ಭುಜ ತಟ್ಟಿದರು.

"ನೋಡಪ್ಪಾ, ದಿನಕ್ಕೊಂದು ಸುಳ್ಳು ಹೇಳೋರನ್ನ ನಂಬಬಾರದು. ದಿನಾ ಒಂದೇ ಸುಳ್ಳು ಹೇಳೋರ ಜೊತೆ ಆರಾಮಾಗಿ ಸಂಸಾರ ಮಾಡಬಹುದು. ಬಾಲದ್ದು ಎಂಟು ಜಾಸ್ತಿ ಹೇಳುತ್ತೆ, ಅಷ್ಟೇ ತಾನೆ? ನೀನೂ ಎಂಟು ಸೇರಿಸ್ಕೊಂಡು ಇಳಿಸು."

ಮುಳುಗುವವನಿಗೆ ಹುಲ್ಲುಕಡ್ಡಿ ಸಾಕು. ತಕ್ಕಡಿಗೆ ಉಕ್ಕಿನ ಕಡ್ಡಿಯೇ ಸಿಕ್ಕಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಅವನು ಕುರಿಯ ಭುಜದ ದೊಡ್ಡ ತುಂಡಿಗೆ ಉಪ್ಪು, ಮೆಣಸು ತಿಕ್ಕಿ ಪೀಪಾಯಿಯಲ್ಲಿಟ್ಟು, ಬಾಲದ್ದನ್ನು ಮೂಳೆಗೆ ತಾಗದಂತೆ ಚುಚ್ಚಿದ. ಕೋಳಿಯ ಅವಮಾನವಾದ ಮೇಲೆ ಅವನು ಎಲ್ಲೋ ಓದಿ ಬಾಯಿಪಾಠ ಮಾಡಿಕೊಂಡಿದ್ದ ಅಂಕಿ ಎಪ್ಪತ್ತನಾಲ್ಕು. ಅದಕ್ಕೆ ಎಂಟು ಸೇರಿಸಿ, ಎಂಬತ್ತೆರಡಕ್ಕೆ ಕೂಗುವಂತೆ ಫೋನಿಗೆ ಹೇಳಿಟ್ಟ. ಹೊಗೆ ಕೊಳವೆಯಿಂದ ನೀಲಿ ಎಳೆ ಎಳೆಯಾಗಿ ಎದ್ದಿತು. ಹಿತ್ತಲಿನ ತುಂಬ ಘಮ. ಒಂದು ಸ್ಟೂಲು ಹಾಕಿಕೊಂಡು ಕೂತವನಿಗೆ ಮೂರೂವರೆ ಗಂಟೆ ಹೋದದ್ದೇ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಅಂಗಡಿಯ ನೆನಪಾಯಿತು. ಬೋಳಿನ ಗತಿ ಹೇಳಿ ಅದರ ಬೆಲೆ ಕೊಟ್ಟು ಬರಬೇಕು. ಹೊಲಿಗೆ ಮಿಷನ್ನಿನ ಮುಂದಿದ್ದ ಹೆಂಡತಿಯ ಕೈಗೆ ಫೋನು ಕೊಟ್ಟ. "ಕೂಗಿದಾಗ ಇಳಿಸಿಬಿಡು. ಇದು ಎಂಟು ಡಿಗ್ರಿ ಜಾಸ್ತಿ ಹೇಳುತ್ತೆ, ಜೋಪಾನ" ಎಂದು ಹೇಳಿ ಹೊರಟ. ಆ ಎಂಟನ್ನು ತಾನು ಆಗಲೇ ಸೇರಿಸಿಯಾಗಿದೆ ಎಂದು ಹೇಳಲು ಮರೆತ.

ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದ. ಆದರೆ ಬೋಳಿನ ಮೈಮೇಲಿನ ಮುದ್ರೆ ಕಂಡದ್ದೇ ಅಂಗಡಿಯವನ ಮುಖ ಅರಳಿತು. ಇಲಾಖೆಯ ಮುದ್ರೆ ಬಿದ್ದ ಥರ್ಮಾಮೀಟರು ಇಡೀ ಬೀದಿಯಲ್ಲಿ ಯಾರ ಹತ್ತಿರವೂ ಇಲ್ಲ, ಇದನ್ನು ಗಾಜಿನ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತೇನೆ, ದುಡ್ಡೂ ಬೇಡ ಎಂದ. ತಕ್ಕಡಿ ಗಾಬರಿಯಾದ. ಅದು ಕೆಲಸ ಮಾಡುವುದಿಲ್ಲ, ಸತ್ತಿದೆ ಎಂದು ಬಿಡಿಸಿ ಹೇಳಿದ.

"ಸತ್ರೇನು ಸ್ವಾಮಿ, ಮುದ್ರೆ ಇದೆಯಲ್ಲ" ಎಂದ ಅಂಗಡಿಯವನು.

ಕೆಟ್ಟ ಸಾಮಾನಿನ ಮೇಲೆ ಇಲಾಖೆಯ ಮುದ್ರೆ ಮೆರೆಯುವುದೆಂದರೆ ತಕ್ಕಡಿಯ ಕೆಲಸಕ್ಕೇ ಕುತ್ತು. ಕೊಡು ಎಂದು ಇವನು, ಕೊಡೆ ಎಂದು ಅವನು. ಬಂದ ಗಿರಾಕಿಗಳೂ ಎರಡು ಪಕ್ಷವಾದರು. ಕಡೆಗೆ ತಕ್ಕಡಿ ಬೋಳಿಗೂ ಬಾಲಕ್ಕೂ ಪೂರ್ತಿ ದುಡ್ಡು ಎಣಿಸಿ, ಸತ್ತದ್ದನ್ನು ಜೇಬಿಗೆ ಹಾಕಿಕೊಂಡು ಈಚೆ ಬರುವ ಹೊತ್ತಿಗೆ ಆರು ಹೊಡೆದಿತ್ತು.

ಅಷ್ಟರಲ್ಲಿ ಮನೆಯಲ್ಲಿ ಫೋನು ಕೈ ಬದಲಾಯಿಸಿತ್ತು. ಹೆಂಡತಿ ಗಂಡ ಹೇಳಿದ ಮಾತನ್ನು ಮನಸ್ಸಿನಲ್ಲಿ ತೂಗಿ, ಎಂಟು ಜಾಸ್ತಿ ಹೇಳುವ ಯಂತ್ರಕ್ಕೆ ಎಂಟು ಜಾಸ್ತಿ ಕೊಡಬೇಕೆಂದು ಎಂಬತ್ತೆರಡನ್ನು ತೊಂಬತ್ತು ಮಾಡಿದಳು. ಐದೂಕಾಲಿಗೆ ಅಮ್ಮನನ್ನು ಕರೆದುಕೊಂಡು ಬರಲು ಹೊರಟಾಗ, ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದ ಗಾರ್ಡ್ ಮಾಮನ ಕೈಗೆ ಫೋನು ಕೊಟ್ಟು, ಇದು ಎಂಟು ಜಾಸ್ತಿ ಹೇಳುತ್ತದೆ ಎಂದಳು. ಮಾಮ ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತಿಯಾದವರು. ಎಚ್ಚರಿಕೆ ಎಂದು ಹೇಳಿದರೆ ಅದರಂತೆ ನಡೆದೇ ಅವರಿಗೆ ಅಭ್ಯಾಸ. ಕನ್ನಡಕ ಹಾಕಿಕೊಂಡು, ತೊಂಬತ್ತನ್ನು ತೊಂಬತ್ತೆಂಟು ಮಾಡಿ, ಪೀಪಾಯಿಗೆ ಎರಡು ತುಂಡು ಸೌದೆಯನ್ನೂ ಹಾಕಿದರು.

ತಕ್ಕಡಿ, ಅವನ ಹೆಂಡತಿ, ಅತ್ತೆ ಮೂವರೂ ಗೇಟಿನ ಹತ್ತಿರ ಒಟ್ಟಿಗೇ ಸಿಕ್ಕರು. ಮಾಂಸ ಇಳಿಸಿ ಆರಲು ಬಿಟ್ಟಿರಬೇಕಲ್ಲ ಎಂದು ಅವನು ಕೇಳುತ್ತಿರುವಾಗಲೇ ಕಾಂಪೌಂಡಿನ ಮೇಲಿಂದ ಫೋನು ಕೂಗಿಕೊಂಡಿತು. ಗಾರ್ಡ್ ಮಾಮ ಹೆಮ್ಮೆಯಿಂದ ಅದನ್ನು ಎತ್ತಿ ಹಿಡಿದರು. "ಸರಿಯಾಗಿ ತೊಂಬತ್ತೆಂಟಕ್ಕೆ. ಎಂಟು ನಾನು ಸೇರಿಸಿದ್ದೆ."

"ನಾನೂ ಸೇರಿಸಿದ್ದೆ" ಎಂದಳು ಹೆಂಡತಿ.

ತಕ್ಕಡಿಯ ಮುಖವೇ ಮೂರನೆಯ ಎಂಟನ್ನು ಹೇಳಿತು.

ನಾಲ್ವರೂ ಹಿತ್ತಲಿಗೆ ಹೋದರು. ತಕ್ಕಡಿ ಮುಚ್ಚಳ ಎತ್ತಿದ. ಮಾಂಸ ಕಡುಕಂದು ಬಣ್ಣಕ್ಕೆ ತಿರುಗಿ, ಸ್ನಾನ ಮಾಡಿ ಎದ್ದವರ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಎತ್ತಲು ಮೂಳೆ ಹಿಡಿದರೆ ಮೂಳೆ ಮಾತ್ರ ಕೈಗೆ ಬಂತು. ಮಾಂಸ ತಟ್ಟೆಯ ಮೇಲೆ ಎಳೆಎಳೆಯಾಗಿ ತಾನೇ ಮಲಗಿತು. ಅತ್ತೆ ಚಾಕು ಮುಟ್ಟಲೇ ಇಲ್ಲ. ಒಂದು ಎಳೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇನ್ನೊಂದು ಇಟ್ಟರು. ಮೂರನೆಯದರ ನಂತರ ಕುರ್ಚಿ ಕೇಳಿದರು.

ಎರಡು ತಟ್ಟೆ ಮುಗಿದ ಮೇಲೆ, ತಕ್ಕಡಿಯ ಬಾಯಿಂದ ಲೆಕ್ಕವನ್ನೆಲ್ಲ ಕೇಳಿಕೊಂಡು ಅತ್ತೆ ಮಾತಾಡಿದರು. ಎಪ್ಪತ್ತನಾಲ್ಕು ಕೋಳಿಯ ಲೆಕ್ಕವಂತೆ. ಭುಜದ ಮಾಂಸ ಗಟ್ಟಿಪಿಂಡ, ತೊಂಬತ್ತು ಮುಟ್ಟದೆ ಅದರ ಬಿಗುವು ಬಿಡುವುದಿಲ್ಲವಂತೆ. ಅಳಿಯಂದಿರು ಹೇಳಿದ ಅಂಕಿಗೆ ಇಳಿಸಿದ್ದರೆ ಚಪ್ಪಲಿಗೆ ಅಟ್ಟೆ ಮಾಡಬಹುದಿತ್ತಂತೆ. ಮೂವರೂ ಬೆರಳು ನೆಕ್ಕುತ್ತ ಕೇಳಿದರು. ತಕ್ಕಡಿಗೆ ಅದೇನೂ ನೋಯಲಿಲ್ಲ. ಹೇಗೋ ಆಯಿತಲ್ಲ, ಪೀಪಾಯಿ ಉಳಿಯಿತಲ್ಲ. ಅವನು ಇನ್ನೊಂದು ತಟ್ಟೆ ಬಡಿಸಿಕೊಂಡ.

ಆಗ ಗೇಟಿನ ಹತ್ತಿರ ಗಂಟೆ ಬಾರಿಸಿತು. ಗುಜರಿಯವನು ಕೈಗಾಡಿ ತಂದು ನಿಲ್ಲಿಸಿದ್ದ. ಹೆಂಡತಿಯ ಮುಖ ಕೆಂಪಾಯಿತು. ಯಾವುದಕ್ಕೂ ಇರಲಿ ಎಂದು ಸೋಮವಾರವೇ ಅವನಿಗೆ ಬರಹೇಳಿದ್ದಳಂತೆ. ಬೇಡ, ಹೋಗಪ್ಪ ಎಂದು ಅವಳು ಹೇಳುವಷ್ಟರಲ್ಲಿ ಅತ್ತೆ ಕೈ ಎತ್ತಿ ತಡೆದರು.

"ಇರಿ. ಬೇಯಿಸಿದ ಮೂವರೂ ಲೆಕ್ಕ ತಪ್ಪಿದ್ದೀರಿ. ಕಡ್ಡಿ ನೋಡಿದ್ರೆ ಸುಳ್ಳು. ಆದ್ರೂ ಮಾಂಸ ಹಿಂಗೆ ಬಂತು ಅಂದ್ರೆ ಅದು ಪೀಪಾಯಿಯ ಗುಣ. ಇಂಥ ಪೀಪಾಯಿನ ನಿಮ್ಮ ಕೈಯಲ್ಲಿ ಬಿಡೋದು ಪಾಪ ಕಣ್ರೀ ಅಳಿಯಂದ್ರೆ. ಗಾಡಿನೂ ಬಂದಿದೆ, ನಮ್ಮ ಮನೆಗೆ ಹಾಕಿಸಿಬಿಡಿ. ಶನಿವಾರ ಶನಿವಾರ ನೀವೆಲ್ಲ ಊಟಕ್ಕೆ ಅಲ್ಲಿಗೇ ಬನ್ನಿ."

ಅಮ್ಮ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಇದೇ ಮೊದಲು ಎಂದು ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಗಾರ್ಡ್ ಮಾಮ ಆಗಲೇ ಕೆಂಡ ಸುರಿದು ನೀರು ಹಾಕುತ್ತಿದ್ದರು. ತಕ್ಕಡಿ ಕೊಡುವುದೋ ಬಿಡುವುದೋ ಎಂದು ತೂಗುತ್ತಿರುವಾಗಲೇ ಪೀಪಾಯಿ ಗಾಡಿ ಏರಿತ್ತು. ಓಡಿಹೋಗಿ, ಬಾಲದ್ದನ್ನೂ ತಗೊಂಡು ಹೋಗಿ ಎಂದು ಕೊಡಹೋದ. ಸುಳ್ಳು ಹೇಳುವುದನ್ನು ಮನೆಯೊಳಗೆ ಸೇರಿಸುವುದಿಲ್ಲ ಎಂದು ಅತ್ತೆ ಅದನ್ನು ಅವನ ಕೈಯಲ್ಲೇ ಬಿಟ್ಟು, ಗಾಡಿಯ ಹಿಂದೆ ನಡೆದರು.

ಹಿತ್ತಲಿನಲ್ಲಿ ಪೀಪಾಯಿ ಇದ್ದ ಜಾಗದ ನೆಲ ಇನ್ನೂ ಬೆಚ್ಚಗಿತ್ತು. ತಕ್ಕಡಿ ಅಲ್ಲಿ ಕೂತು, ಹೊಟ್ಟೆ ತುಂಬಿದ ಸುಖಕ್ಕೆ ಒಂದು ತೇಗು ತೇಗಿ, ಕಡ್ಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಫೋನು ನೋಡಿದ. ನಲವತ್ತನಾಲ್ಕು ಎಂದಿತು. ಎಂಟು ಕಳೆದ. ಮೂವತ್ತಾರು.

ಜ್ವರವೇನೂ ಇರಲಿಲ್ಲ.