ಬಚ್ಚಲಮನೆಯ ಸೊನ್ನೆ ಪಾಯಿಂಟ್ ಮೂರು

ಕರೆಂಟಿಗೆ ನಾನು ಎಂದೂ ಹೆದರಿದವನಲ್ಲ. ಇಪ್ಪತ್ತೆರಡು ವರ್ಷಗಳಿಂದ ಏಕಸಂಬಿ, ಚಿಕ್ಕೋಡಿ ಸುತ್ತ ಮನೆ ವೈರಿಂಗು, ಬಾವಿ ಮೋಟರು ಮಾಡಿಕೊಂಡು ಬಂದಿದ್ದೇನೆ. ಒಂದೆರಡು ಸಲ ಶಾಕ್ ಹೊಡೆಸಿಕೊಂಡು ಏಣಿಯಿಂದ ಕೆಳಗೂ ಬಂದಿದ್ದೇನೆ; ಎದ್ದು, ಚಹಾ ಕುಡಿದು, ಮತ್ತೆ ಹತ್ತಿದ್ದೇನೆ. ಆದರೆ ಒಂದರ ಕೆಳಗೊಂದು ಅಂಕಿ ಇಟ್ಟು ನಡುವೆ ಗೆರೆ ಎಳೆದಿದ್ದು ಕಂಡರೆ ಅಂಗೈ ಬೆವರುತ್ತದೆ. ಶಾಲೆಯಲ್ಲಿ ಭಿನ್ನರಾಶಿ ಶುರುವಾದಾಗ ನನಗೆ ಜ್ವರ ಬಂದಿತ್ತು. ಜ್ವರ ಇಳಿದು ಶಾಲೆಗೆ ಹೋಗುವಷ್ಟರಲ್ಲಿ ಭಿನ್ನರಾಶಿ ಮುಗಿದಿತ್ತು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ನಲವತ್ತಾರನೇ ವಯಸ್ಸಿನಲ್ಲಿ ಮಾತಾಡಿಸಬೇಕಾಗಿ ಬಂತು. ವೈರಿಂಗ್ ಮಾಡುವುದು ಬೇರೆ, ಮಾಡಿದ್ದನ್ನು ತಪಾಸಣೆ ಮಾಡಿ ಸರಿಯಿದೆ ಎಂದು ಸಹಿ ಹಾಕುವುದು ಬೇರೆ. ಸಹಿ ಹಾಕುವವನು ಒಂದು ಪರೀಕ್ಷೆ ಪಾಸಾಗಿರಬೇಕು. ಇಷ್ಟು ದಿನ ನನ್ನ ಕೆಲಸಕ್ಕೆ ನಿಪ್ಪಾಣಿಯಿಂದ ಒಬ್ಬರು ಬಂದು ಸಹಿ ಹಾಕುತ್ತಿದ್ದರು. ಅವರು ಮಗಳ ಊರಿಗೆ, ಕೊಲ್ಹಾಪುರಕ್ಕೆ, ಹೋಗಿ ನೆಲೆಸಿದರು. ಬೇರೆ ದಾರಿ ಕಾಣದೆ ನಾನೇ ಪರೀಕ್ಷೆಗೆ ಹೆಸರು ಕೊಟ್ಟೆ. ಪುಸ್ತಕ ತಂದು ತೆರೆದರೆ ತಂತಿ, ಸ್ವಿಚ್ಚಿನ ಮಾತು ನಾಲ್ಕು ಪುಟ, ಮಿಕ್ಕದ್ದೆಲ್ಲ ಲೆಕ್ಕ. ಮುಚ್ಚಿಟ್ಟೆ. ನನ್ನ ಹೆಂಡತಿ ಶೋಭಾ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಳು. ನಾಲ್ಕನೇ ದಿನ ಅವಳೇ ಭರಣಿ ಸರಿಸಿ, ಪುಸ್ತಕ ಒರೆಸಿ ನನ್ನ ಕೈಗೆ ಕೊಟ್ಟು, ಪದ್ಮಾವತಿ ಅಕ್ಕೋರ ಕಡೆ ಹೋಗಿ ಬರ್ರಿ ಎಂದಳು.

ಅಕ್ಕೋರು ಚಿಕ್ಕೋಡಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಒಬ್ಬರೇ ಇರುತ್ತಾರೆ. ಹದಿನಾರು ವರ್ಷದ ಹಿಂದೆ ಅವರ ಮನೆಗೆ ವೈರಿಂಗ್ ಮಾಡಿದ್ದು ನಾನೇ, ಆ ಸಲಿಗೆಯಿಂದ ಹೋದೆ. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಅವರ ಊಟ ಆಗಬೇಕು. ಹಾಗಾಗಿ ಮೂರೂವರೆಯಿಂದ ಐದರವರೆಗೆ ನನ್ನ ಪಾಠ. ನರೆತ ಮೀಸೆಯ ವಿದ್ಯಾರ್ಥಿ ಚಾಪೆಯ ಮೇಲೆ, ಅಕ್ಕೋರು ಕುರ್ಚಿಯ ಮೇಲೆ.

ಮೊದಲ ಲೆಕ್ಕದಲ್ಲೇ ಜಗಳವಾಯಿತು. ಕರೆಂಟಿನ ದಾರಿಯಲ್ಲಿರುವ ಅಡ್ಡಿಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ಕರೆಂಟನ್ನು ನೆಲಕ್ಕಿಳಿಸುವ ಒಂದು ಅರ್ಥಿಂಗು ಇಪ್ಪತ್ತು ಓಮ್, ಇನ್ನೊಂದು ಮೂವತ್ತು. ಎರಡನ್ನೂ ಪಕ್ಕಪಕ್ಕ ಜೋಡಿಸಿದರೆ ಎಷ್ಟು? ಐವತ್ತು ಎಂದೆ. ಹನ್ನೆರಡು ಎಂದರು. ಎರಡು ಅಡ್ಡಿ ಸೇರಿ ಒಂದು ಅಡ್ಡಿಗಿಂತ ಕಡಿಮೆ ಹೇಗಾಗುತ್ತದೆ, ಪುಸ್ತಕದಲ್ಲಿ ತಪ್ಪು ಅಚ್ಚಾಗಿರಬೇಕು ಎಂದು ವಾದಿಸಿದೆ. ಅವರು ಸಿಟ್ಟಾಗಲಿಲ್ಲ.

"ಕಾರ್ಖಾನಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲಾಗಿ ನಿಂತಾವ ಅಂತ ತಿಳಕೋ. ಬಾಜೂಕ ಇನ್ನೊಂದು ಗೇಟ್ ತಗದ್ರ, ಅದು ಎಷ್ಟ ಸಣ್ಣದಿರಲಿ, ಗದ್ದಲ ಹೆಚ್ಚಾಗತೈತೋ ಕಡಿಮಿ ಆಗತೈತೋ?"

ನಾನು ಐವತ್ತನ್ನು ಹೊಡೆದು ಹನ್ನೆರಡು ಎಂದು ಬರೆದೆ. ಎಷ್ಟೋ ಮನೆಯಲ್ಲಿ ನಾನೇ ಎರಡೆರಡು ಅರ್ಥಿಂಗ್ ಹಾಕಿದ್ದೆ. ಯಾಕೆ ಹಾಕಬೇಕು ಎಂದು ಯಾರಾದರೂ ಕೇಳಿದರೆ, ಹಾಕೋದು ಪದ್ಧತಿ ಎನ್ನುತ್ತಿದ್ದೆ.

ಎರಡನೇ ತಿಂಗಳು ಅಕ್ಕೋರು ಪುಸ್ತಕ ಮುಚ್ಚಿಸಿ, ಇದೇ ಮನೆಯನ್ನು ತಪಾಸಣೆ ಮಾಡು ಎಂದರು. ನಾನು ಮೇನ್ ಸ್ವಿಚ್ ಆರಿಸಿ, ಹುರುಪಿನಿಂದ ಚೀಲದೊಳಗಿನ ಓಮ್ ಅಳೆಯುವ ಮೀಟರ್ ತೆಗೆದೆ. ಅದನ್ನು ಕೆಳಗಿಡಿಸಿದರು. ಮೊದಲು ಟೇಪು ಹಿಡಿದು ಗೋಡೆಗುಂಟ ಅರ್ಥ್ ತಂತಿಯ ಉದ್ದ ಅಳೆ, ಎಷ್ಟು ಓಮ್ ಬರಬೇಕು ಎಂದು ಬರೆ, ಆಮೇಲೆ ಮೀಟರು. ಮೀಟರ್ ಇರುವಾಗ ಲೆಕ್ಕ ಯಾಕೆ ಅಕ್ಕೋರೇ ಎಂದು ಕೇಳಿದೆ.

"ಎಷ್ಟ ಐತಿ ಅನ್ನೋದು ಮೀಟರ್ ಹೇಳತೈತಿ. ಎಷ್ಟ ಇರಬೇಕಾಗಿತ್ತು ಅನ್ನೋದು ಅದಕ್ಕೇನ ಗೊತ್ತು?"

ಪಡಸಾಲೆಯ ಪ್ಲಗ್ಗಿಗೆ ಗುಣಿಸಿ, ಭಾಗಿಸಿ, ಎರಡು ಸಲ ಅಳಿಸಿ ಬರೆದೆ: ಸೊನ್ನೆ ಪಾಯಿಂಟ್ ಒಂದು ಐದು. ಮೀಟರ್ ಹಚ್ಚಿದೆ. ಸೊನ್ನೆ ಪಾಯಿಂಟ್ ಒಂದು ಐದು. ಮೈ ಜುಮ್ಮೆಂದಿತು. ಆ ತಂತಿ ಹದಿನಾರು ವರ್ಷದಿಂದ ಗೋಡೆಯೊಳಗೆ ಸಿಮೆಂಟಿನಲ್ಲಿ ಹೂತಿದೆ. ಅದನ್ನು ಮುಟ್ಟದೆ, ನೋಡದೆ, ಒಂದು ಪೆನ್ಸಿಲ್ಲು ಅದರ ಮನಸ್ಸನ್ನು ಹೇಳಿತ್ತು. ಕರೆಂಟು ಬರಿಗೈಗೆ ತಾಗಿದಾಗಲೂ ನನಗೆ ಅಷ್ಟು ಬೆರಗಾಗಿರಲಿಲ್ಲ.

ಆಮೇಲೆ ಬಚ್ಚಲಮನೆಯ ಗೀಜರ್. ಲೆಕ್ಕದ ಪ್ರಕಾರ ಸೊನ್ನೆ ಪಾಯಿಂಟ್ ಮೂರು ಬರಬೇಕು. ಮೀಟರ್ ಒಂಬತ್ತು ತೋರಿಸಿತು. ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮತ್ತೆ ಸೊನ್ನೆ ಪಾಯಿಂಟ್ ಮೂರು. ಏಣಿ ಹತ್ತಿ, ತಂತಿಗಳು ಕೂಡುವ ಬಾಗಿಲ ಮೇಲಿನ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಒಳಗೆ ಹಸಿರು ಅರ್ಥ್ ತಂತಿಯ ಎರಡು ತುದಿಗಳನ್ನು ಬರೀ ಬೆರಳಲ್ಲಿ ಹೊಸೆದು ಅಂಟುಟೇಪು ಸುತ್ತಲಾಗಿತ್ತು. ತಾಮ್ರ ಕಿಲುಬು ಹಿಡಿದು, ಒಂದೇ ಒಂದು ಎಳೆ ತಾಗಿಕೊಂಡಿತ್ತು. ಗೀಜರಿನಲ್ಲಿ ಏನಾದರೂ ಕೆಟ್ಟರೆ ಕರೆಂಟು ನೆಲಕ್ಕಿಳಿಯಲು ಇರುವ ದಾರಿ ಅದೊಂದೇ. ಅದು ಕಡಿದಿದ್ದರೆ ಮುಂದಿನ ದಾರಿ, ಒದ್ದೆ ನೆಲದ ಮೇಲೆ ನಿಂತು ನಲ್ಲಿ ತಿರುಗಿಸುವ ಅಕ್ಕೋರೇ.

ಹೊಸೆದ ಬೆರಳು ಯಾರದೆಂದು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದೆ, "ಇದು ನಂದ ಕೆಲಸರಿ ಅಕ್ಕೋರ."

ಅವರು ಕೆಳಗಿನಿಂದ ಹೇಳಿದರು, "ಹೌದು. ಈಗ ಸರಿ ಮಾಡಿ, ಎಷ್ಟ ಬಂತು ಹೇಳು."

ತುದಿಗಳನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಂತೆ ಸುಲಿದು, ಕನೆಕ್ಟರಿನಲ್ಲಿ ಬಿಗಿದು ಅಳೆದೆ. ಸೊನ್ನೆ ಪಾಯಿಂಟ್ ಮೂರು. ಅಕ್ಕೋರು ಕೆಂಪು ಪೆನ್ನಿನಿಂದ ನನ್ನ ವಹಿಯಲ್ಲಿ ಸರಿ ಗುರುತು ಹಾಕಿದರು. ನನ್ನ ಆಯುಷ್ಯದಲ್ಲಿ ಗಣಿತಕ್ಕೆ ಬಿದ್ದ ಮೊದಲ ಸರಿ ಗುರುತನ್ನು ತಲೆ ಎತ್ತಿ ನೋಡಲು ನನಗಾಗಲಿಲ್ಲ.

ಪರೀಕ್ಷೆ ಪಾಸಾಯಿತು. ಈಗ ನನ್ನ ಸಹಿಗೂ ಬೆಲೆಯಿದೆ. ರವಿವಾರಗಳಂದು ಟೇಪು, ಪೆನ್ಸಿಲ್ಲು, ಮೀಟರ್ ಹಿಡಿದು ನಾನು ಹಿಂದೆ ವೈರಿಂಗ್ ಮಾಡಿದ ಮನೆಗಳಿಗೆ ಹೋಗುತ್ತೇನೆ. ಸುಮ್ಮನೆ ಒಮ್ಮೆ ನೋಡಿ ಹೋಗತೀನ್ರಿ ಎನ್ನುತ್ತೇನೆ. ದುಡ್ಡು ಬೇಡವೆಂದರೆ ಜನಕ್ಕೆ ನಂಬಿಕೆಯಾಗುವುದಿಲ್ಲ. ಹೋದ ವಾರ ಅಲಖನೂರಿನ ಗೌಡರೊಬ್ಬರು ನಾಲ್ಕು ಮಂದಿಯನ್ನು ಕರೆದು ಕೂರಿಸಿ, ಮಾಡಿದ ಕೆಲಸವನ್ನು ಇಷ್ಟು ವರ್ಷದ ಮೇಲೆ ಬಂದು ವಿಚಾರಿಸುವ ಪ್ರಾಮಾಣಿಕ ಮನುಷ್ಯ ಈ ಕಾಲದಲ್ಲಿ ಸಿಗುವುದಿಲ್ಲ ಎಂದು ನನ್ನನ್ನು ಹೊಗಳಿದರು. ಅವರ ಬಚ್ಚಲಮನೆಯಲ್ಲಿ ಬರಬೇಕಾದದ್ದು ಸೊನ್ನೆ ಪಾಯಿಂಟ್ ನಾಲ್ಕು, ಬಂದದ್ದು ಏಳು; ಆಗಷ್ಟೇ ಬಿಚ್ಚಿ ಸರಿ ಮಾಡಿ ಇಳಿದಿದ್ದೆ. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಅದನ್ನವರು ವಿನಯ ಎಂದುಕೊಂಡರು.